ಸಂಗಪ್ಪ ಕಾಕಾನ ಕಂಬಳಿ

ನೆನೆದ ಕಂಬಳಿಯ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಹೋದ ತಿಂಗಳು ಬೀಳಗಿಯ ನಮ್ಮ ಮನೆ ಸೋರಿ ಟ್ರಂಕಿಗೆ ನೀರಿಳಿದಾಗ ಮಗಳು ಮೂಗು ಮುಚ್ಚಿಕೊಂಡು ಹೊರಗೋಡಿದಳು. ನಾನು ಮಾತ್ರ ಒಳಗಿದ್ದ ಕಂಬಳಿಯನ್ನು ಮಡಿಲಲ್ಲಿ ಹಾಕಿಕೊಂಡು ಕೂತುಬಿಟ್ಟೆ. ಉಣ್ಣೆ, ನೂಲಿಗೆ ಹಚ್ಚಿದ ಹುಣಸೆಬೀಜದ ಗಂಜಿ, ಮುತ್ಯಾನ ಚಿಲುಮೆಯ ಹೊಗೆ, ಎಲ್ಲ ಹಾಗೆಯೇ ಇದ್ದವು. ಅದನ್ನು ನೇಯ್ದವನು ನನ್ನ ಮುತ್ಯಾ, ಅಪ್ಪನ ಅಪ್ಪ. ನೇಯ್ದದ್ದು ಸಂಗಪ್ಪ ಕಾಕಾನಿಗಾಗಿ; ಕರೆಯಲು ಕಾಕಾ, ನಂಟನಲ್ಲ, ನಮ್ಮ ಕುರಿ ತಂಗುತ್ತಿದ್ದ ಹೊಲದ ಒಡೆಯ. ಅದು ಅವನಿಗೆ ಮುಟ್ಟಲೇ ಇಲ್ಲ.

ನಾವು ಬೀರದೇವರ ಒಕ್ಕಲು, ಕುರಿಯ ಮನೆತನ. ಮಳೆಗಾಲ ಕಳೆದ ಮೇಲೆ ಕುರಿ ಹೊಡೆದುಕೊಂಡು ಮಹಾಲಿಂಗಪುರದ ಆಚೆಗೆಲ್ಲ ತಿರುಗಿ, ಮಾಘದ ಭಾರತ ಹುಣ್ಣಿಮೆಗೆ ಸರಿಯಾಗಿ ಸಂಗಪ್ಪ ಕಾಕಾನ ಕರಿ ಹೊಲಕ್ಕೆ ಬಂದು ಇಳಿಯುತ್ತಿದ್ದೆವು. ಅಷ್ಟೊತ್ತಿಗೆ ಜೋಳದ ಕೊಯ್ಲು ಮುಗಿದಿರುತ್ತಿತ್ತು. ನಮ್ಮ ಕುರಿ ಎಂಟು ದಿನ ಅಲ್ಲೇ ತಂಗಿ ಹೊಲಕ್ಕೆ ಗೊಬ್ಬರ ಕೊಡುತ್ತಿದ್ದವು, ಕಾಕಾ ನಮಗೆ ಜೋಳ ಅಳೆದು ಕೊಡುತ್ತಿದ್ದ, ಹೊರಡುವ ದಿನ ಮುತ್ಯಾ ಅವನ ಹೆಗಲಿಗೆ ಹೊಸ ಕಂಬಳಿ ಹಾಕುತ್ತಿದ್ದ. ಹೊಲಕ್ಕೆ ಇಳಿಯುವ ಮೊದಲು ಕೇಳುವ ರೂಢಿ ಇರಲಿಲ್ಲ. ಒಮ್ಮೆ ನಮ್ಮವ್ವ ಕೇಳಿದ್ದಕ್ಕೆ ಕಾಕಾ ಮುನಿಸಿಕೊಂಡಿದ್ದ. "ನಮ್ಮ ಹೊಲಕ್ಕ ಬರಾಕ ನೀವ್ ಕೇಳೂದೇನ್ರಿ ವೈನಿ? ನಾಳಿ ನೀರು ಕುಡ್ಯಾಕೂ ಕೇಳ್ತೀರಿ!" ಎಂದಿದ್ದ. ಅವನ ಹೆಂಡತಿ ನೀಲವ್ವ ಕಾಕು ನನಗೆ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟುಕೊಟ್ಟು, ಎರಡನೆಯದನ್ನು ತಿನ್ನುವತನಕ ಏಳಗೊಡುತ್ತಿರಲಿಲ್ಲ.

ನಾನಿನ್ನೂ ಚಿಕ್ಕವಳಿದ್ದಾಗ ಒಂದು ವರ್ಷ ಎಲ್ಲವೂ ಹೊತ್ತು ತಪ್ಪಿತ್ತು. ನದಿದಂಡೆಯ ಹುಲ್ಲು ಆಗಲೇ ಆಣೆಕಟ್ಟಿನ ಹಿನ್ನೀರಿನ ಕೆಳಗೆ ಹೋಗಿ, ಸುತ್ತಲಿನ ಕುರಿಗಳೆಲ್ಲ ಇದ್ದಷ್ಟು ಹೊಲಗಳಿಗೇ ಮುಗಿಬೀಳುತ್ತಿದ್ದವು. ಬರಬೇಕಾದ ಮಳೆ ಬರಲಿಲ್ಲ. ಕಾಳು ಕಟ್ಟದ ಜೋಳವನ್ನು ಕಾಕಾ ಮೇವಿಗೆಂದು ಮೊದಲೇ ಕೊಯ್ದುಹಾಕಿದ್ದ. ಆಮೇಲೆ ಯಾರೂ ಕರೆಯದ ಮಳೆಯೊಂದು ಬಂದು ಕೊಯ್ದುಳಿದ ಕೂಳೆ ಚಿಗುರಿತು. ಹಿಂದೆಯೇ ಬಿದ್ದ ಕೆಟ್ಟ ಬಿಸಿಲಿಗೆ ಆ ಚಿಗುರೂ ಬಾಡಿತು. ಊರೂರು ತಿರುಗುತ್ತಿದ್ದ ನಮಗೆ ಇದೊಂದೂ ತಿಳಿಯದು. ಹುಣ್ಣಿಮೆಗೆ ಬಂದೆವು, ಎಂದಿನಂತೆ ಕೇಳದೆ ಇಳಿದೆವು.

ಬೆಳಗಿನ ಎಳೆ ಬಿಸಿಲು. ಕಾಕಾ ಊರ ಕಡೆಯಿಂದ ಏದುಸಿರು ಬಿಡುತ್ತ ಓಡಿಬಂದ. "ಹೊರಗ ಹಾಕ್ರಿ! ಕುರಿ ಹೊರಗ ಹಾಕ್ರಿ!" ಆ ಮಾತು ಅವನ ಬಾಯಲ್ಲಿ ನಾವು ಎಂದೂ ಕೇಳಿರಲಿಲ್ಲ. ಅಪ್ಪ ದಂಗಾಗಿ ನಿಂತ. ಅಷ್ಟರಲ್ಲಿ ಮುಂದಿನ ಕುರಿ ತೂರಾಡಿ ಬಿತ್ತು, ಅದರ ಹಿಂದೆ ಇನ್ನೊಂದು, ಮತ್ತೊಂದು. ಬಾಯಲ್ಲಿ ನೊರೆ. "ವಿಷಾ ಹಾಕಿ ಹೊರಗ ಹಾಕು ಅಂತೀಯೇನಲೇ!" ಎಂದು ಅಪ್ಪ ಬಡಿಗೆ ಎತ್ತಿದ. ಕಾಕಾನ ಬಲಗಣ್ಣು ಹೋಯಿತು. ಆ ಕಡೆಯವರು ಕೊಡಲಿ ತಂದರು, ಈ ಕಡೆಯವರು ಕಲ್ಲು ಆಯ್ದರು. ಮುತ್ಯಾ ಮಾತ್ರ ಕೈಯಲ್ಲಿ ಒಂದು ಬಾಡಿದ ಕೂಳೆ ಹಿಡಿದು ಸುಮ್ಮನೆ ನಿಂತಿದ್ದ.

ಅಪ್ಪ ಜೈಲಿಗೆ ಹೋದ. ಹೊಲದ ಬದುವಿನಲ್ಲಿ ಪೊಲೀಸ್ ವ್ಯಾನು ವಾರಗಟ್ಟಲೆ ನಿಂತಿತ್ತು. ಮರುವರ್ಷ ಆ ಸೀಮೆಯಲ್ಲಿ ಯಾರೂ ಯಾರ ಕುರಿಯನ್ನೂ ಹೊಲಕ್ಕೆ ಬಿಟ್ಟುಕೊಳ್ಳಲಿಲ್ಲ, ನಮ್ಮ ಹಿಂಡು ಕರಗಿತು. ಹವಾಮಾನ ಕೆಟ್ಟರೆ ದೇಶದ ಭದ್ರತೆಗೇ ಅಪಾಯ ಎಂದು ಟಿವಿಯಲ್ಲಿ ಈಗ ಕೋಟು ಹಾಕಿಕೊಂಡವರು ಹೇಳುವಾಗ ನಾನು ಟಿವಿ ಆರಿಸಿಬಿಡುತ್ತೇನೆ. ನಮ್ಮಲ್ಲಿ ಒಂದು ತಪ್ಪಿದ ಮಳೆಯೇ ಸಾಕಾಗಿತ್ತು.

ಹಾಸಿಗೆ ಹಿಡಿದ ಮೇಲೆ ಮುತ್ಯಾ ನನ್ನೊಬ್ಬಳಿಗೇ ಹೇಳಿದ. "ಬಾಡಿದ ಕೂಳಿ ಚಿಗುರಿನಾಗ ವಿಷ ತಾನ ಏರ್ತೈತಿ, ತಿಂದ್ರ ಕುರಿ ಸಾಯ್ತಾವು. ಮೊದಲನೇದು ಬಿದ್ದಾಗನ ನಂಗ ತಿಳೀತವ್ವಾ."

"ಹಂಗಂದ್ರ ಯಾಕ ಹೇಳಲಿಲ್ಲ ಮುತ್ಯಾ?"

"ಹೊಲಾ ನೋಡಿ ಕುರಿ ಇಳಿಸಬೇಕಾದಾಂವ ನಾನ. ಎಲ್ಲಾರ ಮುಂದ ಬಾಯಿ ಬರಲಿಲ್ಲ." ಆ ವರ್ಷಕ್ಕೆಂದು ನೇಯ್ದಿದ್ದ ಕಂಬಳಿಯನ್ನು ನನ್ನ ಕೈಗಿಟ್ಟು, ಕಾಕಾನಿಗೆ ಹೇಳಿ ಕೊಟ್ಟು ಬಾ ಎಂದ. ನಾನು ಹೋಗಲಿಲ್ಲ. ಹೇಳಿದರೆ ಅಪ್ಪ ಹೊಡೆದದ್ದು ತಪ್ಪಾಗುತ್ತಿತ್ತು. ಕಾಕಾನೇ ವಿಷ ಹಾಕಿದನೆಂದು ನಂಬಿಯೇ ಅಪ್ಪ ಸತ್ತ. ನಾನು ಹೇಡಿ, ಬೇರೇನಲ್ಲ.

ಕಂಬಳಿ ಒಣಗಿಸಿ ಮೊನ್ನೆ ಹೋದೆ. ಆ ಹೊಲದಲ್ಲೀಗ ಕಬ್ಬು. ನೀಲವ್ವ ಕಾಕು ತೀರಿಕೊಂಡು ಎಷ್ಟೋ ವರ್ಷವಾಯಿತಂತೆ. ಕಾಕಾ ಕಟ್ಟೆಯ ಮೇಲೆ ಕೂತು ನಾನು ಹೇಳಿದ್ದನ್ನೆಲ್ಲ ಕೇಳಿದ.

"ಅದನ್ನ ಹೇಳಾಕನ ಓಡಿ ಬಂದಿದ್ದೆ ಯವ್ವಾ," ಎಂದ. "ಕುರಿ ಸಾಯ್ತಾವು, ಹೊರಗ ಹಾಕ್ರಿ ಅಂತ. ಪಂಚರ ಮುಂದೂ ಹೇಳಿದೆ, ಯಾರೂ ನಂಬಲಿಲ್ಲ. ಖರೆ ಅನ್ನಾಂವ ಒಬ್ಬ ಇದ್ದ, ಅಂವ ಬಾಯಿ ಬಿಡಲಿಲ್ಲ."

ಕಂಬಳಿಯನ್ನು ಮೂಗಿನ ಹತ್ತಿರ ಹಿಡಿದ. ಆಮೇಲೆ ಅಂಚಿಗೆ ಅಂಚು ಸೇರಿಸಿ ಮಡಚಿ ನನ್ನ ಕೈಗೇ ಇಟ್ಟ.

"ಆ ವರ್ಷ ಕುರಿ ನಮ್ಮ ಹೊಲದಾಗ ತಂಗಲಿಲ್ಲಲ್ಲ ಯವ್ವಾ. ಇದನ್ನ ಹ್ಯಾಂಗ ತಗೊಳ್ಳಲಿ?"

ಮುಂದಿನ ವರ್ಷ ತಂಗಿಸುತ್ತೇವೆ ಎನ್ನಲು ನಮ್ಮ ಮನೆಯಲ್ಲಿ ಈಗ ಒಂದು ಕುರಿಯೂ ಇಲ್ಲ.