ಖಾಲಿ ಬರುತ್ತಿದ್ದ ಡಬ್ಬಿ

ಇಂದು ಬೆಳಿಗ್ಗೆ ಚಹಾದಲ್ಲಿ ಬೆಳ್ಳುಳ್ಳಿ ವಾಸನೆ. ಯಜಮಾನರು ಒಂದು ಗುಟುಕು ಕುಡಿದು ಕಪ್ಪಿನ ಕಡೆ ನೋಡಿದರು, ಆಮೇಲೆ ನನ್ನ ಕಡೆ. "ಚಾದಾಗ ಏನ ಹಾಕೀದಿ?" ತಪ್ಪು ನನ್ನದಲ್ಲ, ಡಬ್ಬಿಯದು. ನಾನು ಸಕ್ಕರೆ ತೆಗೆದ ಆ ಸ್ಟೀಲಿನ ಡಬ್ಬಿ ವರ್ಷಗಟ್ಟಲೆ ಶೇಂಗಾ ಚಟ್ನಿ ಹೊತ್ತದ್ದು. ಎಷ್ಟು ತಿಕ್ಕಿದರೂ ಮುಚ್ಚಳದ ಅಂಚಿನ ಘಾಟು ಹೋಗುವುದಿಲ್ಲ. ಅವರಿಗೆ ಬೇರೆ ಚಹಾ ಮಾಡಿಕೊಟ್ಟು ಇದನ್ನು ನಾನೇ ಕುಡಿದೆ. ಕುಡಿಯುತ್ತ ಕುಡಿಯುತ್ತ ಕಾಕು ನೆನಪಾದರು...

ಕಾಕು ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಆದರೆ ಅವರು ನಮಗೆ ಬಳಗವಲ್ಲ. ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ನಾವು ಬಾಡಿಗೆಗಿದ್ದ ಎರಡು ಖೋಲಿಯ ಮನೆಯ ಎದುರಿಗೆ ಅವರ ದೊಡ್ಡ ಮನೆ. ಚಾದರಿನ ವ್ಯಾಪಾರದವರು. ಓಣಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷ್. ಲಗ್ನಕ್ಕೆ ಮುಂಚೆ ಸಾಲೆಯಲ್ಲಿ ಇಂಗ್ಲಿಷ್ ಕಲಿಸಿದ್ದರಂತೆ. ನಾವೋ ನಾಗಣಸೂರಿನ ಕುರಿ ಕಾಯುವ ಮನೆತನದವರು, ಅಪ್ಪನಿಗೆ ಟಾವೆಲ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಶಹರಕ್ಕೆ ಬಂದವರು. ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ನನಗೆ ಕಾಲೇಜಿನ ಇಂಗ್ಲಿಷ್ ತಲೆಗೆ ಹತ್ತುತ್ತಿರಲಿಲ್ಲ. ಹನ್ನೆರಡನೆಯದರಲ್ಲಿ ಇಂಗ್ಲಿಷ್ ಹೋಯಿತೋ, ಓದು ಬಂದ್, ಊರಿಗೆ ವಾಪಸು, ಲಗ್ನ. ಸೋದರಮಾವ ವರನನ್ನೂ ನೋಡಿಟ್ಟಿದ್ದ! ಒಂದು ದಿನ ಕಟ್ಟೆಯ ಮೇಲೆ ಕುಳಿತು ಅಳುತ್ತಿದ್ದ ನನ್ನನ್ನು ಕಾಕು ಒಳಗೆ ಕರೆದರು. ಮರುದಿನದಿಂದ ದಿನಾ ಸಂಜೆ ಪಾಠ.

ಅವರು ಕಲಿಸುವ ರೀತಿಯೇ ಬೇರೆ. ಸಂಜೆಗೊಂದು ಭಾರಿ ಶಬ್ದ ಹೇಳಿ, ಅರ್ಥ ಬಿಡಿಸಿ, "ಇದು ನಿಮ್ಮ ಮನ್ಯಾಗ ಯಾರ ಮ್ಯಾಲ ಕೂಡ್ತದ ಹೇಳು" ಅನ್ನುತ್ತಿದ್ದರು. 'ಪ್ರೊಕ್ರಾಸ್ಟಿನೇಟ್' ಎಂದರೆ ಇಂದಿನ ಕೆಲಸವನ್ನು ನಾಳೆಗೆ ದೂಡುವುದು. ಅದು ಸೋರುವ ನಲ್ಲಿಯನ್ನು ಎಂದೂ ರಿಪೇರಿ ಮಾಡದ ಅಪ್ಪನ ಮೇಲೆ ಕೂತಿತು. 'ಆಬ್‌ಸ್ಟಿನೇಟ್' ಎಂದರೆ ಹಟಮಾರಿ. ಅದನ್ನು ಮೊದಲು ಊರಿನ ಟಗರಿಗೆ ಕೊಟ್ಟೆ, ಆಮೇಲೆ ಅವ್ವನಿಗೆ ಕೊಟ್ಟೆ. ಕಾಕು ನಕ್ಕು ಎರಡಕ್ಕೂ ಮಾರ್ಕು ಹಾಕಿದರು.

ಅವ್ವನ ಹಟವೇ ಮುಂದೆ ನನಗೆ ಅಡ್ಡ ಬಂತು. ಕಾಕು ಫೀ ಬೇಡವೆಂದಿದ್ದರು, ಅವ್ವನಿಗೆ ಅದು ನುಂಗಲಾರದ ತುತ್ತಾಗಿತ್ತು. ಒಂದು ದಿನ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು: "ಪುಕ್ಕಟ ಕಲ್ತದ್ದು ಸಾಕು. ಸಾವುಕಾರ ಮನಿ ಋಣ ನಮಗ್ಯಾಕ? ನಾಳಿಂದ ಹೋಗಬ್ಯಾಡ." ನಾನು ಓಡಿಹೋಗಿ ಕಾಕುವಿನ ಮುಂದೆ ಗೊಳೋ ಎಂದು ಅತ್ತೆ. ಅವರು ಅಡುಗೆಮನೆಯಿಂದ ಒಂದು ಡಬ್ಬಿ ತಂದು, "ನಿಮ್ಮ ಅವ್ವಗ ಕೊಡು" ಅಂದರು. ಡಬ್ಬಿ ಯಾಕೋ ಬಹಳ ಹಗುರವಾಗಿತ್ತು. ಗೇಟಿನ ಹತ್ತಿರ ಮುಚ್ಚಳ ತೆಗೆದು ನೋಡಿದೆ... ಖಾಲಿ!

ನಮ್ಮ ಕಡೆ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಪಾತ್ರೆ ಖಾಲಿ ಹೋಗಬಾರದು. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯನ್ನಾದರೂ ಉದುರಿಸಿ ಕೊಡಬೇಕು. ಅವ್ವ ಡಬ್ಬಿ ತೆಗೆದವಳೇ ಕೆಂಡವಾದಳು. "ಖಾಲಿ ಡಬ್ಬಿ ಕಳಿಸ್ಯಾಳ? ಇಲ್ದಾವ್ರು ಅಂತ ತಿಳಕೊಂಡಾಳೇನು ನಮ್ಮನ್ನ?" ಸೆರಗು ಸೊಂಟಕ್ಕೆ ಸಿಗಿಸಿ ರಸ್ತೆ ದಾಟಿಯೇ ಬಿಟ್ಟಳು. ಹಿಂದೆ ನಾನು. ನನ್ನ ಓದು ಅಲ್ಲಿಗೆ ಮುಗಿಯಿತೆಂದೇ ತಿಳಿದೆ.

"ಯಾಕ್ರಿ ಬಾಯಾರ, ಯಾರರೆ ಖಾಲಿ ಡಬ್ಬಿ ಕೊಡ್ತಾರೇನ್ರಿ?"

ಕಾಕು ಇದಕ್ಕೇ ಕಾಯುತ್ತಿದ್ದವರ ಹಾಗೆ ಚಾಪೆ ಹಾಸಿದರು. "ಬರ್ರಿ ವೈನಿ, ಕೂಡ್ರಿ. ನಿಮ್ಮ ಹುಡುಗಿನ್ನ ದಿನಾ ಸಂಜಿಗಿ ನಾ ತುಂಬಿ ಕಳಸ್ತೀನಿ, ಹೌದಲ್ಲ? ಮ್ಯಾಲ ಡಬ್ಬಿನೂ ನಾನ ತುಂಬಬೇಕೇನು? ಡಬ್ಬಿ ತುಂಬೂ ಪಾಳಿ ನಿಮ್ದು. ನೀವು ಶೇಂಗಾ ಚಟ್ನಿ ಕುಟ್ಟೂದು ವಾಸನಿ ಬರ್ತದ. ಬರೇ ವಾಸನಿ ಹಚ್ಚಿಕೊಂಡು ಎಷ್ಟ ದಿನಾ ರೊಟ್ಟಿ ತಿನ್ಲಿ?"

ಅವ್ವ ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. ಸಿಟ್ಟನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ ಅನ್ನಿಸುತ್ತದೆ. ಕೊನೆಗೆ ಸೊಂಟಕ್ಕೆ ಸಿಗಿಸಿದ್ದ ಸೆರಗು ಬಿಡಿಸಿ ಕುಳಿತಳು.

"ಖಾರ ಎಷ್ಟ ಹಾಕ್ಲಿರಿ?"

"ಕಣ್ಣಾಗ ನೀರ ಬರೂವಷ್ಟು."

ಮರುದಿನ ಕಾಕು ಹೇಳಿದ ಶಬ್ದ 'ರೆಸಿಪ್ರೊಕೇಟ್'. ದೊಡ್ಡ ಮಂದಿಯ ಪತ್ರಗಳಲ್ಲಿ ಬರುವ ಗತ್ತಿನ ಶಬ್ದವಂತೆ. ಯಾರೋ ಕೊಟ್ಟದ್ದಕ್ಕೆ ಪ್ರತಿಯಾಗಿ ಕೊಡುವುದು. "ಅಂದ್ರ ಸಾಲ ತೀರಸೂದಾ?" ಎಂದು ಕೇಳಿದೆ. "ಅಲ್ಲ ಪೋರಿ. ಸಾಲ ತೀರಿದ್ರ ಮುಗೀತು, ಅವರ್ಯಾರೋ ನಾವ್ಯಾರೋ. ಈ ಶಬ್ದ ಪ್ರೀತಿಗಿ, ಮರ್ಯಾದಿಗಿ, ಆದರಕ್ಕ ಹಚ್ಚಬೇಕು. ಇದು ಮುಗಿಯಂಗಿಲ್ಲ. ಹೇಳು, ಯಾರ ಮ್ಯಾಲ ಕೂಡ್ತದ?" "ಅವ್ವನ ಮ್ಯಾಲ" ಅಂದೆ. ಕಾಕು ಮುಖ ಊದಿಸಿದರು. "ನನ್ನ ಬಿಟ್ಟೀ? ಒಬ್ಬರ ಮ್ಯಾಲ ಕೂಡೂ ಶಬ್ದ ಅಲ್ಲ ಅದು. ಇಬ್ಬರು ಬೇಕು."

ಅಂದಿನಿಂದ ಆ ಡಬ್ಬಿ ನಮ್ಮ ಮನೆಯಿಂದ ತುಂಬಿ ಹೋಗುತ್ತಿತ್ತು, ಅವರ ಮನೆಯಿಂದ ಖಾಲಿ ಬರುತ್ತಿತ್ತು. ಓಣಿಯ ಹೆಂಗಸರು ಇದೆಂಥ ಪದ್ಧತಿ ಎಂದು ಮೂಗು ಮುರಿದರೆ, "ನಿಮಗ ತಿಳಿಯಂಗಿಲ್ಲ ಬಿಡ್ರಿ, ಅದು ಇಂಗ್ಲಿಷದಾಗ ಐತಿ" ಅನ್ನುತ್ತಿದ್ದಳು ಅವ್ವ. ನಾನು ಪಾಸಾದೆ. ಸೋದರಮಾವ ಆ ವರನಿಗೆ ಬೇರೆ ಹುಡುಗಿ ಹುಡುಕಿದ. ಈಗ ಅಕ್ಕಲಕೋಟೆಯ ಸಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ, ಅವ್ವ ನನ್ನ ಹತ್ತಿರವೇ ಇದ್ದಾಳೆ. ಸೊಲ್ಲಾಪುರಕ್ಕೆ ಹೊರಟಾಗಲೆಲ್ಲ ಡಬ್ಬಿ ತುಂಬಿ ಒಯ್ಯುವುದು, ಖಾಲಿ ತರುವುದು ತಪ್ಪಲಿಲ್ಲ.

ಹೋದ ತಿಂಗಳು ಕಾಕು ತೀರಿಕೊಂಡರು. ದಿನಕರ್ಮಗಳೆಲ್ಲ ಮುಗಿದ ಮೇಲೆ ಅವರ ಮನೆಯವರನ್ನು ಮಾತಾಡಿಸಿ ಬರಲು ಹೊರಟೆ. ಮೊಣಕಾಲು ನೋವಿನ ಅವ್ವ ಒರಳಿನ ಪಕ್ಕ ಕುಳಿತು, ಎಣ್ಣೆ ಬಿಡುವವರೆಗೆ ನನ್ನಿಂದ ಶೇಂಗಾ ಕುಟ್ಟಿಸಿದಳು. ದಾರಿಯ ಕುಂಭಾರಿ ಊರು ದಾಟುವವರೆಗೂ ಬಸ್ಸಿನ ತುಂಬ ಅದೇ ವಾಸನೆ. ಕಾಕುವಿನ ಸೊಸೆ ಒಳ್ಳೆಯ ಹುಡುಗಿ. ಚಟ್ನಿ ತೆಗೆದಿಟ್ಟು, ಡಬ್ಬಿ ತೊಳೆದು, ಒರೆಸಿ, ನನ್ನ ಕೈಗಿಟ್ಟಳು. "ರಿಕಾಮಾ, ಖಾಲಿ ಡಬ್ಬಾ ಕೊಡಬಾರದಲ್ರಿ ಅಕ್ಕಾ, ಸಕ್ರಿ ಹಾಕೀನಿ." ಆಕೆಯದೇನೂ ತಪ್ಪಿಲ್ಲ, ಪದ್ಧತಿಯ ಪ್ರಕಾರವೇ ನಡೆದುಕೊಂಡಿದ್ದಳು. ಆದರೆ ಆ ಮನೆಯಿಂದ ಆ ಡಬ್ಬಿ ತುಂಬಿ ಬಂದದ್ದು ಅದೇ ಮೊದಲು. ಕಾಕು ಇನ್ನಿಲ್ಲ ಎಂಬುದು ನನಗೆ ನಿಜವಾಗಿ ತಿಳಿದದ್ದು ಆಗಲೇ. ಬಸ್ಸಿನಲ್ಲಿ ಕಣ್ಣೊರೆಸಿಕೊಂಡೇ ಬಂದೆ.

ಇಂದು ಸಂಜೆ ಸಕ್ಕರೆಯನ್ನು ಬೇರೆ ಡಬ್ಬಿಗೆ ಸುರಿದು ಇದನ್ನು ಅಡುಗೆಕಟ್ಟೆಯ ಮೇಲಿಟ್ಟೆ. ಅವ್ವ ಕೈಗೆತ್ತಿಕೊಂಡು ಮುಚ್ಚಳ ತೆಗೆದಳು.

"ಖಾಲಿ ಯಾಕ ಇಟ್ಟಿ?"

"ಕಾಕು ಹಂಗ ಕಳಿಸ್ತಿದ್ರಲ್ಲವ್ವ."

ಅವ್ವ ಮುಚ್ಚಳ ಮೂಸಿ ನೋಡಿ ಸ್ವಲ್ಪ ನಕ್ಕಳು. ಕುಳಿತು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಒರೆಸಿದಳು.

"ತುಂಬೂದೇನ ತುಂಬ್ತೀನಿ," ಅಂದಳು, "ಒಯ್ದು ಕೊಡೂದು ಯಾರಿಗಿ?"