ಮೀಸಲು ನೀರು

ಇಳಕಲ್ ಸೀರೆಯ ನಿರಿಗೆಯ ಕೆಳಗೆ ಅವರು ಗಂಡಸರ ಕ್ಯಾನ್ವಾಸ್ ಬೂಟು ಹಾಕುತ್ತಿದ್ದರು. ಒದ್ದೆ ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿದ ಬೂಟು. ಎಂಬತ್ತರ ದಶಕದ ಬ್ಯಾಡಗಿಯಲ್ಲಿ ಅದು ಸಣ್ಣ ಸುದ್ದಿಯಲ್ಲ. ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲರು ಸೀನುವುದನ್ನೂ ಮರೆತು ನೋಡುತ್ತಿದ್ದರು. ನಮಗೆ ಭೂಗೋಳ ಕಲಿಸುತ್ತಿದ್ದ ಅಕ್ಕೋರು ಅವರು. ಕಲಿಸುವ ಹೆಂಗಸರನ್ನು ನಮ್ಮ ಕಡೆ ಕರೆಯುವುದೇ ಹಾಗೆ. “ನನ್ನ ಕಾಲು ನೋಡಬ್ಯಾಡ್ರಿ, ನಕಾಶಿ ನೋಡ್ರಿ” ಎಂದು ಕೋಲಿನಿಂದ ಗೋಡೆ ಬಡಿಯುತ್ತಿದ್ದರು. ನಾವು ಕಾಲನ್ನೇ ನೋಡುತ್ತಿದ್ದೆವು.

ಮರುಭೂಮಿಯ ಪಾಠ ಬಂದಾಗ ಅವರು ಪುಸ್ತಕ ಮುಚ್ಚಿಬಿಟ್ಟರು. “ಇದನ್ನ ನೋಡಾಕ ರಾಜಸ್ಥಾನಕ್ಕ ಯಾಕ ಹೋಗಬೇಕು? ಶಿವರಾತ್ರಿ ಆದಮ್ಯಾಲ ರಾಣೆಬೆನ್ನೂರ ಕಾಡಿಗೆ ಬರ್ರಿ.” ಕೃಷ್ಣಮೃಗಗಳಿರುವ ಆ ಕಾಡು ಹೆಸರಿಗಷ್ಟೇ ಕಾಡು. ಕುರುಚಲು ಜಾಲಿ, ನೀಲಗಿರಿ, ಕಾದ ಕಲ್ಲುನೆಲ. ಹುಡುಗಿಯರನ್ನು ಅಲ್ಲಿ ಒಂದು ದಿನ ನಡೆಸಬೇಕು, ಅದು ನೆಟ್ಟಗೆ ಆದರೆ ಮುಂದೆ ರಾತ್ರಿಯ ನಡಿಗೆ. ಕದರಮಂಡಲಗಿಯ ಆಂಜನೇಯನ ಗುಡಿಯಲ್ಲಿ ಮಲಗಿ ಬೆಳಗ್ಗೆ ವಾಪಸು. ಇದು ಅವರು ಬಹಳ ವರ್ಷಗಳಿಂದ ಕಟ್ಟಿಕೊಂಡಿದ್ದ ಆಸೆ. ಹುಡುಗರನ್ನು ಎಲ್ಲರೂ ಕರೆದೊಯ್ಯುತ್ತಿದ್ದರು, ಹುಡುಗಿಯರನ್ನು ಯಾರೂ ಇಲ್ಲ. ಹೆಡ್ ಮಾಸ್ತರು ಕಡೆಗೂ ಒಪ್ಪಿದರು, ಆದರೆ ಒಂದು ಕರಾರಿನ ಮೇಲೆ: “ಎಲ್ಲ್ಯರ ನೀರಿಗೆ ತ್ರಾಸ ಆತು ಅಂದ್ರ, ರಾತ್ರೀದು ಮರತ ಬಿಡ್ರಿ.” ಕಣ್ಣಿಡಲು ಡ್ರಿಲ್ ಮಾಸ್ತರನ್ನೂ ಜೊತೆಗೆ ಹಾಕಿದರು.

ಅಕ್ಕೋರ ತಯಾರಿ ಮದುವೆ ಮನೆಯ ತಯಾರಿಗಿಂತ ಜೋರು. ಒಂದು ವಾರ ಮೊದಲೇ ಕಾಡಿನ ವಾಚರನನ್ನು ಕರೆದುಕೊಂಡು ದಾರಿಯೆಲ್ಲ ತಿರುಗಿ ಬಂದರು. ಬುತ್ತಿಗೆ ಜೋಳದ ರೊಟ್ಟಿ, ಮೊಸರು, ಉಳ್ಳಾಗಡ್ಡಿ. ಕೆಂಪು ಚಟ್ನಿ ಬೇಡ, ಅದು ನೀರು ಬೇಡುತ್ತದೆ ಎಂದರು. ಬ್ಯಾಡಗಿಯ ಹುಡುಗಿಯರಿಗೆ ಖಾರ ಬೇಡವೆನ್ನುವುದೇ? “ನಮ್ಮೂರ ಮೆಣಸಿನಕಾಯಿಗೆ ಬಣ್ಣ ಅಷ್ಟ ಐತ್ರಿ ಅಕ್ಕೋರ, ಖಾರ ಎಲ್ಲೈತಿ?” ಎಂದು ನನ್ನ ಗೆಳತಿ ವಾದಕ್ಕೆ ನಿಂತಳು. ಊರಿಗೇ ಕೇಳುವ ಗಂಟಲು ಅವಳದು. ಅಕ್ಕೋರು ನಕ್ಕರು, ಬಗ್ಗಲಿಲ್ಲ. ಪ್ರತಿಯೊಬ್ಬರಿಗೂ ಒಂದು ಬಾಟಲಿ ನೀರು. ಅದರ ಮೇಲೆ ಒಂದು ಅಲ್ಯುಮಿನಿಯಂ ಕೊಡ, ಮೀಸಲು ನೀರು. ವಾಪಸು ಬರುವ ದಾರಿಗೆ ಎಂದು ಇಟ್ಟದ್ದು, ಅಲ್ಲಿಯತನಕ ದೇವರು ಬಂದು ಕೇಳಿದರೂ ಕೊಡುವಂತಿಲ್ಲ. ಅದನ್ನು ಅವರೇ ಸೊಂಟದ ಮೇಲೆ ಹೊತ್ತರು.

ನಡುನಡುವೆ ಸೀಟಿ ಊದುತ್ತಿದ್ದರು. ಸೀಟಿ ಕೇಳಿದೊಡನೆ ಎಲ್ಲರೂ ನೀರು ಕುಡಿಯಬೇಕು. ನಾನು ಬಾಟಲಿ ಎತ್ತಿ ಗಂಟಲು ಅಲ್ಲಾಡಿಸಿ ಇಳಿಸುತ್ತಿದ್ದೆ, ಒಂದು ಹನಿಯೂ ಕುಡಿಯದೆ. ಹೊರಗೆ ಹೊರಟ ಹೆಣ್ಣುಮಕ್ಕಳು ನೀರು ಕುಡಿಯಬಾರದು ಎನ್ನುವುದು ನಮ್ಮ ಮನೆಯ ಕಾಯಿದೆ. ಜಾತ್ರೆಗಾಗಲಿ ಬಸ್ಸಿಗಾಗಲಿ ಅವ್ವ ನಮ್ಮನ್ನು ಒಣಗಿಸಿಕೊಂಡೇ ಕರೆದೊಯ್ಯುತ್ತಿದ್ದಳು. ಆದರೆ ಅಕ್ಕೋರ ಕಣ್ಣು ತಪ್ಪಿಸುವುದುಂಟೆ? ನನ್ನ ಬಾಟಲಿ ತೂಗಿ ನೋಡಿ, “ಇಲ್ಲೇ ನನ್ನ ಮುಂದ ಅರ್ಧ ಖಾಲಿ ಮಾಡು” ಎಂದರು. ಕುಡಿದೆ. ಆಮೇಲೆ ಕಿವಿಯ ಹತ್ತಿರ ಬಂದು, “ಕುಡಿ, ಎಲ್ಲಿ ಹೋಗಬೇಕಂತ ನಾ ತೋರಸ್ತೇನಿ” ಎಂದರು.

ದಾರಿಯಲ್ಲಿ ಅಲ್ಲಲ್ಲಿ ಗಿಡಕ್ಕೆ ಕೆಂಪು ಅರಿವೆ ಕಟ್ಟಿತ್ತು. ದಾರಿಯ ಗುರುತೆಂದು ನಾವು ತಿಳಿದಿದ್ದೆವು. ಅದು ಹೆಣ್ಣುಮಕ್ಕಳು ಕುಳಿತುಕೊಳ್ಳಲು ಮರೆಯಿರುವ ಜಾಗದ ಗುರುತು! ಒಂದು ವಾರ ಮೊದಲು ಬಂದು ಅವರು ಮೊದಲು ಹುಡುಕಿದ್ದು ಅದನ್ನೇ. ಅಲ್ಲಿ ಒಂದು ಹಳೆಯ ಸೀರೆಯನ್ನು ಅಡ್ಡ ಹಿಡಿದು ನಿಲ್ಲುತ್ತಿದ್ದರು, ಡ್ರಿಲ್ ಮಾಸ್ತರನ್ನೂ ದಾರಿ ತೋರಿಸಲು ಬಂದಿದ್ದ ವಾಚರನನ್ನೂ ಬಹಳ ಮುಂದೆ ಕಳಿಸಿ. ಎಲ್ಲರೂ ಸೀರೆಯ ಹಿಂದೆ ಹೋಗಿ ಬಂದರು. ನಾನೊಬ್ಬಳು ಹೋಗಲಿಲ್ಲ. ದೂರದಲ್ಲಿ ಡ್ರಿಲ್ ಮಾಸ್ತರ ಬಿಳಿ ಟೊಪ್ಪಿಗೆ ಕಾಣುತ್ತಿತ್ತು. ಅವರು ಆ ಕಡೆ ಮುಖ ಮಾಡಿ ನಿಂತಿದ್ದರೂ ನಾನು ಏನಕ್ಕೆ ಹೋದೆನೆಂದು ಅವರಿಗೆ ತಿಳಿಯುತ್ತದಲ್ಲ ಎನ್ನುವ ನಾಚಿಕೆ. ಎರಡನೆಯ ಕೆಂಪು ಅರಿವೆಯ ಹತ್ತಿರವೂ ಹಲ್ಲು ಕಚ್ಚಿ ನಿಂತೆ.

ಬುತ್ತಿ ಉಂಡು ವಾಪಸು ಹೊರಡುವ ಮುಂಚೆ ಡ್ರಿಲ್ ಮಾಸ್ತರು ನಮ್ಮನ್ನು ಸಾಲಾಗಿ ನಿಲ್ಲಿಸಿ ಹಾಜರಿ ಕೂಗತೊಡಗಿದರು. ಆ ಹೊತ್ತಿಗೆ ದೂರದಲ್ಲಿ ಜಿಂಕೆಗಳ ಹಿಂಡೊಂದು ನೆಗೆಯಿತು. ಹುಡುಗಿಯರೆಲ್ಲ ಹೋ ಎಂದರು. ನಾನು ಬೆಚ್ಚಿಬಿದ್ದೆ. ಅಷ್ಟೇ ಸಾಕಾಯಿತು. ತೊಡೆಯ ಮೇಲೆ ಬಿಸಿಯಾಗಿ ಇಳಿಯುತ್ತಿತ್ತು, ತಡೆಯಲು ಆಗಲಿಲ್ಲ. ನೀಲಿ ಲಂಗದ ಮೇಲೆ ಕಪ್ಪಗೆ ಕಲೆ ಹರಡುತ್ತಿತ್ತು. ಹಾಜರಿ ನನ್ನ ಕಡೆಗೇ ಬರುತ್ತಿತ್ತು. ಭೂಮಿ ಬಾಯಿ ತೆರೆಯಲಿ ಎನ್ನುತ್ತಾರಲ್ಲ, ನಾನು ಖರೆ ಖರೆ ಹಾಗೆ ಬೇಡಿಕೊಂಡೆ.

ಅಕ್ಕೋರು ಕೊಡ ಹೊತ್ತು ಸಾಲಿನ ಮುಂದೆ ಬರುತ್ತಿದ್ದರು. ನನ್ನ ಮುಂದೆ ಬಂದಾಗ ಬಿಳಿ ಬೂಟು ಕಲ್ಲಿಗೆ ತಗಲಿತು. ಕೊಡ ಪೂರಾ ಉರುಳಿತು, ನನ್ನ ಸೊಂಟದಿಂದ ಕೆಳಗೆ, ಅವರ ಸೀರೆಯ ಮೇಲೆ. “ಅಯ್ಯ ನನ್ನ ಹಣೆಬರಹವ!” ಎಂದು ಕೂಗಿ ನನ್ನನ್ನೇ ಹಿಡಿದುಕೊಂಡು ಬಿದ್ದರು. ಒಣನೆಲ ಇಡೀ ಕೊಡವನ್ನು ಒಂದೇ ಉಸಿರಿಗೆ ಕುಡಿಯಿತು.

ಬಾಯಿಗೆ ಬಂದದ್ದನ್ನೆಲ್ಲ ಆಡಿದವಳು ನನ್ನ ಗೆಳತಿಯೇ. “ಮುಂಜಾನಿಂದ ಒಂದು ಗುಟುಕು ಕೊಡಲಿಲ್ಲ, ಈಗ ನೆಲಕ್ಕ ಕುಡಿಸಿದ್ರಿ! ಕೊಡ ಹಿಡಿಯಾಕ ಬರದಿದ್ರ ಬೂಟ ಯಾಕ ಬೇಕಿತ್ತರಿ?” ಡ್ರಿಲ್ ಮಾಸ್ತರ ಮುಖ ನೋಡಿದರೆ ಸಾಕಿತ್ತು. ಅಕ್ಕೋರು ನನ್ನ ಲಂಗ ಹಿಂಡುತ್ತ ಮೆಲ್ಲಗೆ ಹೇಳಿದರು: “ಚೆಲ್ಲಿದಾಕಿ ನಾನು. ಇದರಾಗ ನಿಂದೇನೂ ಮಾತಿಲ್ಲ, ತಿಳೀತ?”

ನಾಲಿಗೆ ಒಣಗಿಸಿಕೊಂಡು ಬಂದೆವು. ಕದರಮಂಡಲಗಿಯ ರಾತ್ರಿ ಅಲ್ಲಿಗೆ ಮುಗಿಯಿತು. ಅಕ್ಕೋರು ಮತ್ತೆಂದೂ ಕೇಳಲಿಲ್ಲ, ನಿವೃತ್ತಿಯಾಗುವತನಕ. ಮುಂದೆ ಎಲ್ಲಿ ಸಿಕ್ಕರೂ ಆ ದಿನದ ಮಾತು ತೆಗೆಯುತ್ತಿರಲಿಲ್ಲ. “ನೀರು ಕುಡೀತೀಯಿಲ್ಲ?” ಎಂದಷ್ಟೇ ಕೇಳುತ್ತಿದ್ದರು. ಅಷ್ಟಕ್ಕೇ ನನ್ನ ಮುಖ ಸುಡುತ್ತಿತ್ತು. ಎದುರಿಗೆ ಆ ಬೂಟು ಕಂಡರೆ ಓಣಿ ಬದಲಿಸಿದ್ದೂ ಉಂಟು.

ತೊಂಬತ್ತರ ದಶಕದ ಕೊನೆಯಲ್ಲಿ ರಾಣೆಬೆನ್ನೂರಿನ ತಮ್ಮನ ಮನೆಯಲ್ಲಿ ಅಕ್ಕೋರು ತೀರಿಕೊಂಡರು. ಮಣ್ಣು ಮುಗಿಸಿ ಬಂದು ಕಟ್ಟೆಯ ಮೇಲೆ ಕುಳಿತಿದ್ದೆವು. ನನ್ನ ಗಂಡನೂ ಆ ಗೆಳತಿಯೂ ಇದ್ದರು, ಮುದುಕರಾಗಿದ್ದ ಡ್ರಿಲ್ ಮಾಸ್ತರೂ ಇದ್ದರು. ಮಾಸ್ತರು ಪ್ರೀತಿಯಿಂದಲೇ ಅಂದರು: “ಭಾಳ ಶಿಸ್ತಿನ ಹೆಣ್ಣಮಗಳು. ಅವತ್ತ ಅದೊಂದು ಕೊಡ ಎಡವಿ ಚೆಲ್ಲದಿದ್ದರ...”

“ಅಕ್ಕೋರು ಎಡವಿರಲಿಲ್ರಿ ಸರ್” ಎಂದೆ. “ನಾನು ಉಚ್ಚಿ ಹೊಯ್ಕೊಂಡಿದ್ನಿ. ಅದನ್ನ ಮುಚ್ಚಾಕ ಚೆಲ್ಲಿದ್ರು.”

ಡ್ರಿಲ್ ಮಾಸ್ತರು ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಗೆಳತಿ ಪಕ್ಕಕ್ಕೆ ಸರಿದು ಬಂದಳು.

“ನನಗ ಅವತ್ತ ಗೊತ್ತಿತ್ತಲೇ. ನಿನ್ನ ಬಾಜೂಕ ನಿಂತಿದ್ದೆ. ಅಕ್ಕೋರು ಬೀಳೂ ಮುಂಚೆ ನನಗ ಕಣ್ಸನ್ನಿ ಮಾಡಿದ್ರು. ಎಲ್ಲಾರೂ ಕೊಡದ ಕಡೆ ನೋಡಲಿ ಅಂತನ ಅಷ್ಟು ಜೋರ ಬೈದೆ.”

ನಾನು ಅತ್ತದ್ದು ಆಗಲೇ. ಅವಳು ಒಳಗೆ ಹೋಗಿ ತಂಬಿಗೆ ತುಂಬ ನೀರು ತಂದು ನನ್ನ ಕೈಗಿಟ್ಟಳು.

“ಕುಡಿ. ಎಲ್ಲಿ ಹೋಗಬೇಕಂತ ನಾ ತೋರಸ್ತೇನಿ.”