ಕಿವಿಯವರೆಗೆ ಬರುವ ಕೈ

ಯುಗೊಸ್ಲಾವಿಯಾದ ಆ ಕಾಲುಚೀಲದ ಕಾರ್ಖಾನೆಗೆ ಯಜಮಾನ ಅಂತ ಇರಲಿಲ್ಲ, ಕೆಲಸಗಾರರದೇ ಕಾರುಬಾರು. ಹಾಗಾಗಿ ಕಾರ್ಮಿಕ ಮಂಡಳಿಯ ಅಧ್ಯಕ್ಷ ಇಸ್ಮೆತರು ಎಲ್ಲರ ಕೈ ಎತ್ತಿಸದೆ ಒಂದು ಮೊಳೆಯನ್ನೂ ಹೊಡೆಸುತ್ತಿರಲಿಲ್ಲ. ಕಿಟಕಿ ತೆಗೆಯಬೇಕೇ, ಮಧ್ಯಾಹ್ನದ ಊಟದ ಸಾರಿಗೆ ಕೋಸು ಹಾಕಬೇಕೇ, ಎಲ್ಲಕ್ಕೂ “ಪರ ಯಾರು, ವಿರೋಧ ಯಾರು?” ಆ ಚಟ ಮನೆಗೂ ಬಂದಿತ್ತು. “ಹಾತಿಜಾ, ಇವತ್ತು ನಾನು ಸ್ನಾನ ಮಾಡ್ಬೇಕಾ? ಕೈ ಎತ್ತು” ಅಂದರೆ, ಅದೇ ಕಾರ್ಖಾನೆಯಲ್ಲಿ ಹೊಲಿಯುವ ಹೆಂಡತಿ, “ಎರಡೂ ಕೈ ಎತ್ತಿದೀನಿ, ಮೊದ್ಲು ಹೋಗಿ” ಅನ್ನುತ್ತಿದ್ದಳು. ಮಾಸ್ಕೋದ ಅಪ್ಪಣೆ ಬೇಡ, ನಮ್ಮ ಕಮ್ಯುನಿಸಂ ನಮ್ಮ ಕೈಯಲ್ಲಿ ಎಂದು ಭಾಷಣ ಮಾಡುವ ಇಸ್ಮೆತರ ಸ್ವಂತ ಕೈ ಮಾತ್ರ ಪೂರ್ತಿ ಏಳುತ್ತಿರಲಿಲ್ಲ. ಹೆಚ್ಚು ಜನ ಯಾವ ಕಡೆ ಎಂದು ತಿಳಿಯುವವರೆಗೂ ಕಿವಿ ಕೆರೆಯುತ್ತ ನಿಲ್ಲುತ್ತಿತ್ತು. “ಅಧ್ಯಕ್ಷರ ಕಿವೀಲಿ ಇರುವೆ ಹೊಕ್ಕಿದೆ” ಎಂದು ಹುಡುಗಿಯರು ನಗುತ್ತಿದ್ದರು. ಹಾತಿಜಾ ನಗುತ್ತಿರಲಿಲ್ಲ. ಮಾಸ್ಕೋಗೂ ಯುಗೊಸ್ಲಾವಿಯಾಕ್ಕೂ ಮುರಿದುಬಿದ್ದ ವರ್ಷ, ರಷ್ಯಾದ ಪರ ಒಂದು ಮಾತಾಡಿದ ಗೆಳೆಯ ಆಂತೊನನ್ನು ಪಕ್ಷದಿಂದ ಹೊರಹಾಕುವಾಗ ಎಲ್ಲರಿಗಿಂತ ಮೊದಲು ಎದ್ದದ್ದು ಗಂಡನ ಇದೇ ಕೈ. ಕಲ್ಲಿನ ದ್ವೀಪದ ಸೆರೆಗೆ ಹೋದ ಆಂತೊ ಮರಳಲಿಲ್ಲ. ಈಗ ಕೆಲಸಗಾರರಿಗೆ ಹಂಚಲು ಮಂಡಳಿಯ ಬಳಿ ಉಳಿದ ಒಂದೇ ಹೊಸ ಮನೆಯನ್ನು ಇಬ್ಬರು ಕೇಳಿದ್ದರು: ಕಾರ್ಖಾನೆಯ ನಿರ್ದೇಶಕರ ಅಳಿಯ, ಮತ್ತು ಸೋರುವ ಕೋಣೆಯಲ್ಲಿ ಮಗಳೊಂದಿಗಿದ್ದ ಆಂತೊನ ಹೆಂಡತಿ ಯಾನ್ಯಾ. “ಯಾನ್ಯಾಳ ಪರ ಯಾರು?” ಎಂದರು ಇಸ್ಮೆತರು. ಎಲ್ಲರ ಕಣ್ಣು ನಿರ್ದೇಶಕರ ಮುಖದ ಮೇಲೆ. ಇಸ್ಮೆತರ ಕೈ ಕಿವಿಯ ಹತ್ತಿರ ಬಂದು ನಿಂತಿತು. “ಕೆರ್ಕೊಂಡಿದ್ದು ಸಾಕು ಕಣ್ರೀ” ಎಂದಳು ಪಕ್ಕದಲ್ಲಿದ್ದ ಹಾತಿಜಾ, ಮೆಲ್ಲಗೆ. ಕೈ ಕಿವಿಯನ್ನು ದಾಟಿ ಮೇಲೆದ್ದಿತು, ಈ ಸಲವೂ ಎಲ್ಲರಿಗಿಂತ ಮೊದಲು. ಹಿಂದೆಯೇ ಹಾತಿಜಾಳದು, ಆಮೇಲೆ ಹತ್ತಿಯ ಧೂಳು ಮೆತ್ತಿದ ಕೈಗಳು ಒಂದೊಂದಾಗಿ.